ಬಡಾವಣೆಯ ರಾಜ್ಯೋತ್ಸವಕ್ಕೆ 300 ಜನರ ಊಟ, ಕಸ ಕಡಿಮೆ ಆಗಬೇಕು. ಹೇಗೆ ಮಾಡುವುದು?

ಯಲಹಂಕದ ಗೃಹಿಣಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಯಲಹಂಕ ಕಡೆ ಒಂದು ಹಳೇ ಬಡಾವಣೆ. ಅಪಾರ್ಟ್‌ಮೆಂಟ್ ಅಲ್ಲ, ಬಿಡಿ ಮನೆಗಳು. ಪ್ರತಿ ವರ್ಷ ನವೆಂಬರ್‌ನಲ್ಲಿ ಪಾರ್ಕ್ ಪಕ್ಕದ ರಸ್ತೆಯಲ್ಲಿ ಶಾಮಿಯಾನ ಹಾಕಿಸಿ ರಾಜ್ಯೋತ್ಸವ ಮಾಡುತ್ತೇವೆ. ಬೆಳಿಗ್ಗೆ ಬಾವುಟ, ಮಕ್ಕಳ ಹಾಡು, ಮಧ್ಯಾಹ್ನ ಎಲ್ಲರಿಗೂ ಊಟ. ಸುಮಾರು 300 ಜನ ಆಗುತ್ತಾರೆ. ಈ ಸಲ ಊಟದ ಜವಾಬ್ದಾರಿ ನಮ್ಮ ಮಹಿಳಾ ಸಂಘಕ್ಕೆ ಬಂದಿದೆ.

ಊಟ ಪ್ರತಿ ಸಲವೂ ಚೆನ್ನಾಗಿಯೇ ಇರುತ್ತದೆ. ಆಮೇಲಿನದು ಕಷ್ಟ. ಬೆಳ್ಳಿ ಬಣ್ಣದ ಪೇಪರ್ ತಟ್ಟೆ, ಥರ್ಮಾಕೋಲ್ ಬಟ್ಟಲು, ಎರಡು ಗುಟುಕು ಕುಡಿದು ಬಿಟ್ಟ ಸಣ್ಣ ನೀರಿನ ಬಾಟಲಿ, ಅರ್ಧ ತಿಂದ ಬಿಸಿಬೇಳೆಬಾತ್, ಜಾಮೂನಿನ ಪಾಕ, ಎಲ್ಲ ಒಂದೇ ಕಪ್ಪು ಚೀಲದಲ್ಲಿ ಸೇರಿಕೊಂಡು ಪಾರ್ಕಿನ ಮೂಲೆಯಲ್ಲಿ ಗುಡ್ಡೆಯಾಗುತ್ತದೆ. ರಾತ್ರಿ ನಾಯಿಗಳು ಎಳೆದಾಡುತ್ತವೆ. ಮಾರನೇ ದಿನ ಬೆಳಿಗ್ಗೆ ಪೌರಕಾರ್ಮಿಕ ಹೆಣ್ಣುಮಕ್ಕಳು ಅದನ್ನು ಕೈಯಲ್ಲಿ ಬಿಡಿಸುತ್ತಾ ಕೂರಬೇಕು. ಕನ್ನಡದ ಹಬ್ಬ ಮಾಡಿ ಆ ಹೆಣ್ಣುಮಕ್ಕಳ ಕೈಗೆ ಇದನ್ನು ಕೊಡುವುದು ನನಗೆ ಸಹಿಸಲು ಆಗುತ್ತಿಲ್ಲ.

ಸಂಘದಲ್ಲಿ ಮಾತಾಡಿದರೆ ಒಬ್ಬೊಬ್ಬರದು ಒಂದೊಂದು. ಸ್ಟೀಲ್ ತಟ್ಟೆ ಅಂದರೆ ನೀರು ಜಾಸ್ತಿ ಬೇಕು ಅಂತಾರೆ, 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿದ್ದು ಯಾರೂ ಮರೆತಿಲ್ಲ. ಬಾಳೆ ಎಲೆ ಚೆಂದ, ಆದರೆ ಟೇಬಲ್ ಬೇಕು, ಬಡಿಸುವವರು ಬೇಕು. ಅಡಿಕೆ ಹಾಳೆ ತಟ್ಟೆ ದುಬಾರಿ. ಇನ್ನೊಬ್ಬರು ಮೆಕ್ಕೆಜೋಳದ ಪಿಷ್ಟದ ಲೋಟ ಸಿಗುತ್ತದೆ, ಮಣ್ಣಿಗೆ ಹಾಕಿದರೆ ಕರಗಿ ಹೋಗುತ್ತದೆ ಅಂತ ಹೇಳಿದರು. ಯಾವುದು ಸರಿ? ಅಡುಗೆಯಲ್ಲಿ ಏನು ಮಾಡಿದರೆ ನಮ್ಮ ಸುತ್ತಮುತ್ತ ಬೆಳೆದದ್ದೇ ಜಾಸ್ತಿ ಇರುತ್ತದೆ? ಉಳಿದದ್ದನ್ನು ಏನು ಮಾಡುವುದು? ಹೊರಗಡೆ ಊರುಗಳಲ್ಲಿ ಮಾಡಿ ಗೊತ್ತಿರುವವರೂ ಹೇಳಿ.


ಮಲ್ಲೇಶ್ವರದ ಸ್ವಯಂಸೇವಕ:

ಮೇಡಂ, ಯಾವ ತಟ್ಟೆ ಅನ್ನುವುದು ಆಮೇಲೆ. ಮೊದಲು ತೊಳೆಯುವವರು ಯಾರು ಅಂತ ತೀರ್ಮಾನ ಮಾಡಿ. ಸ್ಟೀಲ್ ತಟ್ಟೆ ಅಂತ ಸಭೆಯಲ್ಲಿ ಎಲ್ಲರೂ ಕೈ ಎತ್ತುತ್ತಾರೆ, ಮೂರು ಗಂಟೆಗೆ ಊಟ ಮುಗಿದ ಮೇಲೆ ತಟ್ಟೆ ರಾಶಿ ಬಿದ್ದಿರುತ್ತದೆ, ಮನೆಗೆಲಸಕ್ಕೆ ಬರುವವರನ್ನು "ಸ್ವಲ್ಪ ಕೈ ಹಾಕಮ್ಮಾ" ಅಂತ ಕರೆಯುತ್ತಾರೆ. ಹಾಗೆ ಮಾಡಬೇಡಿ. ತೊಳೆಯಲು ನಾಲ್ಕೈದು ಜನರನ್ನು ಮೊದಲೇ ಗೊತ್ತು ಮಾಡಿ, ದಿನದ ಕೂಲಿ ಮಾತಾಡಿ, ಮೊದಲ ಪಂಕ್ತಿಯಲ್ಲಿ ಅವರಿಗೆ ಊಟ ಹಾಕಿ. ಹೋದ ವರ್ಷ ಪೇಪರ್ ತಟ್ಟೆಗೂ ಬಾಟಲಿಗೂ ಎಷ್ಟು ಖರ್ಚಾಗಿತ್ತು ಅಂತ ಲೆಕ್ಕ ತೆಗೆಸಿ, ಆ ದುಡ್ಡನ್ನು ಇದಕ್ಕೆ ತಿರುಗಿಸಿದರೆ ಸಮಿತಿಯವರಿಗೂ ಹೇಳಲು ಮಾತಿರುತ್ತದೆ.

ತಟ್ಟೆ ಎಲ್ಲಿ ಸಿಗುತ್ತದೆ ಅಂದರೆ, ಶಾಮಿಯಾನದವರ ಹತ್ತಿರವೇ ಕೇಳಿ. ಕುರ್ಚಿ, ಟೇಬಲ್, ಪಾತ್ರೆ ಬಾಡಿಗೆಗೆ ಕೊಡುವವರಲ್ಲಿ ಸಾಮಾನ್ಯವಾಗಿ ಸ್ಟೀಲ್ ತಟ್ಟೆ, ಲೋಟವೂ ಇರುತ್ತದೆ, ಈಗ ಯಾರೂ ಕೇಳದೆ ಮೂಲೆಗೆ ಹಾಕಿಟ್ಟಿರುತ್ತಾರೆ ಅಷ್ಟೇ. ಇಲ್ಲದಿದ್ದರೆ ಗವಿಪುರ ಗುಟ್ಟಹಳ್ಳಿಯ ಅದಮ್ಯ ಚೇತನದವರು ಪ್ಲೇಟ್ ಬ್ಯಾಂಕ್ ನಡೆಸುತ್ತಾರೆ. ಮದುವೆ, ಗೃಹಪ್ರವೇಶ, ಸಭೆಗಳಿಗೆ ತಟ್ಟೆ, ಲೋಟ, ಚಮಚ ಎರವಲು ಕೊಡುತ್ತಾರೆ. ನವೆಂಬರ್ ಅಂದರೆ ಎಲ್ಲ ಕಡೆ ಕಾರ್ಯಕ್ರಮ, ಹಾಗಾಗಿ ಈಗಲೇ ಫೋನ್ ಮಾಡಿ ದಿನ ಹೇಳಿಬಿಡಿ, ಅವರ ನಿಯಮ ಏನು ಅಂತ ಕೇಳಿಕೊಳ್ಳಿ.

ನೀರಿನ ಭಯ ನಿಜ, ಆದರೆ ಅದು ನಲ್ಲಿ ಬಿಟ್ಟುಕೊಂಡು ತೊಳೆದರೆ ಮಾತ್ರ. ಒಂದು ಕಡೆ ಎರಡು ಬಕೆಟ್ ಇಡಿ, ಉಂಡವರು ತಟ್ಟೆಯಲ್ಲಿ ಉಳಿದದ್ದನ್ನು ತಾವೇ ಅದಕ್ಕೆ ತಟ್ಟಿ ಹೋಗಬೇಕು. ಅಲ್ಲಿಂದ ಮೂರು ದೊಡ್ಡ ಟಬ್ ಸಾಲಾಗಿ. ಮೊದಲನೆಯದರಲ್ಲಿ ಎಂಜಲು ಬಿಡಿಸುವುದು, ಎರಡನೆಯದರಲ್ಲಿ ಉಜ್ಜುವುದು, ಮೂರನೆಯದು ಬರೀ ಒಳ್ಳೆ ನೀರು. ಮೂರನೆಯದು ಮಬ್ಬಾದಾಗ ಅದನ್ನು ಮೊದಲನೆಯದಕ್ಕೆ ಸುರಿದು ಹೊಸ ನೀರು ತುಂಬಿಸುತ್ತಾರೆ. ಹೀಗೆ ಮಾಡಿದರೆ 300 ಜನರ ತಟ್ಟೆ ಲೋಟಕ್ಕೆ ಒಂದು ಸಾವಿರ ಲೀಟರಿನ ಸಿಂಟೆಕ್ಸ್ ಸಾಕು, ಉಳಿದರೂ ಉಳಿಯಬಹುದು. ಎಣ್ಣೆ ಜಿಡ್ಡಿನ ತಿಂಡಿ ಕಡಿಮೆ ಇದ್ದರೆ ಇನ್ನೂ ಸುಲಭ, ಅದನ್ನು ಅಡುಗೆಯವರು ಯೋಚಿಸಬೇಕು.

ಒಂದು ವಿಷಯ ಮಾತ್ರ ಮರೆಯಬೇಡಿ. ತೊಳೆದ ನೀರನ್ನು ರಸ್ತೆ ಬದಿಯ ಮಳೆನೀರು ಚರಂಡಿಗೆ ಬಿಡಬೇಡಿ. ಅದು ರಾಜಕಾಲುವೆಗೆ ಹೋಗುತ್ತದೆ, ಅಲ್ಲಿಂದ ಕೆರೆಗೆ. ಒಂದು ಜಾಲರಿಯಲ್ಲಿ ಅಗುಳು ಸೋಸಿ, ನೀರನ್ನು ಒಳಚರಂಡಿಯ ಕಡೆ ಬಿಡಿ. ಯಾರದಾದರೂ ಮನೆಯ ಕಾಂಪೌಂಡ್ ಒಳಗೆ ಟಬ್ ಇಟ್ಟರೆ ಈ ಕೆಲಸ ಸಲೀಸು.


ಪುತ್ತೂರಿನ ತೋಟದವರು:

ಮೇಲಿನವರು ಹೇಳಿದ್ದು ಸರಿ, ಆದರೂ ಹಾಳೆ ತಟ್ಟೆಯ ಬಗ್ಗೆ ನನ್ನ ಮಾತನ್ನೂ ಕೇಳಿ. ಅಡಿಕೆ ಮರದಿಂದ ಹಾಳೆ ತಾನಾಗಿ ಬೀಳುತ್ತದೆ. ಯಾರೂ ಮರ ಕಡಿಯುವುದಿಲ್ಲ. ಅದನ್ನು ಆಯ್ದು ತಂದು ತೊಳೆದು, ನೀರಲ್ಲಿ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ, ಅಂಚು ಕತ್ತರಿಸಿದರೆ ತಟ್ಟೆ. ಅಂಟೂ ಇಲ್ಲ, ಬಣ್ಣವೂ ಇಲ್ಲ. ನಮ್ಮ ಕಡೆ ಇದರಿಂದ ಎಷ್ಟೋ ಮನೆಗಳ ಹೆಂಗಸರಿಗೆ ಕೆಲಸ ಸಿಕ್ಕಿದೆ. ಬೆಂಗಳೂರಿನವರು ಹಾಳೆ ತಟ್ಟೆ ಕೊಳ್ಳುವುದು ನಮಗೆ ಸಂತೋಷವೇ.

ಹಾಗಂತ ನಿಮಗೆ ತೊಳೆಯುವ ಏರ್ಪಾಡು ಆಗುವುದಾದರೆ ಸ್ಟೀಲೇ ಇಟ್ಟುಕೊಳ್ಳಿ. ಹಾಳೆ ತಟ್ಟೆ ಒಂದೇ ಊಟಕ್ಕೆ, ಅದೂ ಘಟ್ಟ ಹತ್ತಿ ಲಾರಿಯಲ್ಲಿ ಬರಬೇಕು, ಉಂಡಾದ ಮೇಲೆ ಗೊಬ್ಬರದ ಗುಂಡಿಗೆ ಹೋಗದೆ ಕಪ್ಪು ಚೀಲಕ್ಕೆ ಹೋದರೆ ಏನು ಬಂತು? ತೊಳೆಯಲು ಜನವೇ ಸಿಗದ ಕಡೆ, ನೀರಿಲ್ಲದ ಕಡೆ ಹಾಳೆ ತಟ್ಟೆ ಬಳಸಿ, ಬಳಸಿದ್ದನ್ನು ತುಂಡು ಮಾಡಿ ಗಿಡದ ಬುಡಕ್ಕೆ ಹಾಕಿ. ಗಟ್ಟಿ ಇರುವುದರಿಂದ ಕೊಳೆಯಲು ಬಾಳೆ ಎಲೆಗಿಂತ ಜಾಸ್ತಿ ಸಮಯ ಬೇಕು, ಅಷ್ಟೇ.

ಬೆಳ್ಳಿ ಬಣ್ಣದ ಪೇಪರ್ ತಟ್ಟೆಯನ್ನು ಮಾತ್ರ ಯಾವ ಕಾರಣಕ್ಕೂ ತರಬೇಡಿ. ಮೇಲಿನದು ಪ್ಲಾಸ್ಟಿಕ್ ಪದರ. ಕಾಗದದ ಜೊತೆ ಅಂಟಿಕೊಂಡಿರುವುದರಿಂದ ಗುಜರಿಯವರೂ ತೆಗೆದುಕೊಳ್ಳುವುದಿಲ್ಲ, ಗೊಬ್ಬರವೂ ಆಗುವುದಿಲ್ಲ. ಟೀ ಕುಡಿಯುವ ಪೇಪರ್ ಲೋಟದ ಒಳಗೂ ಅಂಥದ್ದೇ ಪದರ ಇರುತ್ತದೆ.


ಟೆರೇಸ್ ತೋಟ, ಎಚ್‌ಎಸ್‌ಆರ್:

ಮೆಕ್ಕೆಜೋಳದ ಪಿಷ್ಟದ ಲೋಟದ ಬಗ್ಗೆ ಕೇಳಿದ್ದೀರಿ. ಅವು ಹೆಚ್ಚಿನವು ಪಿಎಲ್‌ಎ ಅನ್ನುವ ವಸ್ತುವಿನಿಂದ ಮಾಡಿದವು. ಅದು ಕೊಳೆಯಬೇಕಾದರೆ 60 ಡಿಗ್ರಿಯ ಹತ್ತಿರ ಬಿಸಿ ವಾರಗಟ್ಟಲೆ ಒಂದೇ ಸಮ ಇರಬೇಕು. ದೊಡ್ಡ ಗೊಬ್ಬರ ಘಟಕಗಳಲ್ಲಿ ಆಗಬಹುದು, ಪಾರ್ಕಿನ ಗುಂಡಿಯಲ್ಲಿ ಆಗುವುದಿಲ್ಲ. ಮಣ್ಣಿಗೆ ಹಾಕಿದರೆ ಹಾಗೇ ಬಿದ್ದಿರುತ್ತದೆ. ನೋಡಲು ಪ್ಲಾಸ್ಟಿಕ್‌ನಂತೆಯೇ ಇರುವುದರಿಂದ ಒಣಕಸ ಬಿಡಿಸುವವರಿಗೂ ತಲೆನೋವು. ಬೇಡ.

ಇನ್ನು ನಿಮ್ಮ ಸಮಿತಿಯವರಿಗೆ ಒಂದು ಮಾತು ಹೇಳಿ. 2016ರ ಮಾರ್ಚ್‌ನಲ್ಲೇ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಬ್ಯಾನರ್, ಫ್ಲೆಕ್ಸ್, ತೋರಣ, ಬಾವುಟ ಎಲ್ಲವನ್ನೂ ನಿಷೇಧ ಮಾಡಿದೆ. ಥರ್ಮಾಕೋಲಿನಿಂದ ಮಾಡಿದವೂ ಅದರಲ್ಲಿ ಸೇರುತ್ತವೆ. ಊಟದ ಟೇಬಲ್ ಮೇಲೆ ಸುರುಳಿ ಬಿಚ್ಚಿ ಹಾಸುತ್ತಾರಲ್ಲ, ಆ ತೆಳು ಹಾಳೆ, ಅದೂ ಪಟ್ಟಿಯಲ್ಲಿದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಎಷ್ಟೋ ಪ್ಲಾಸ್ಟಿಕ್ ಸಾಮಾನಿಗೆ ದೇಶದಾದ್ಯಂತ ನಿಷೇಧ ಬಂತು. ರಸ್ತೆಯುದ್ದಕ್ಕೂ ಕಟ್ಟುವ ಹಳದಿ ಕೆಂಪು ಪ್ಲಾಸ್ಟಿಕ್ ತೋರಣದ ಬದಲು ಬಟ್ಟೆಯದು ಹೊಲಿಸಿ, ಪ್ರತಿ ವರ್ಷ ಅದನ್ನೇ ಒಗೆದು ಕಟ್ಟಬಹುದು. ದರ್ಜಿ ಅಂಗಡಿಯಲ್ಲಿ ಉಳಿದ ತುಂಡುಗಳೇ ಸಾಕಾಗುತ್ತವೆ.

ಹಸಿಕಸದ ಲೆಕ್ಕ ಹೇಳುತ್ತೇನೆ. ತರಕಾರಿ ಸಿಪ್ಪೆ, ಬಾಳೆ ಎಲೆ, ತಟ್ಟೆಯಲ್ಲಿ ಉಳಿದದ್ದು, ಇವನ್ನು ಪಾರ್ಕಿನಲ್ಲೇ ಗೊಬ್ಬರ ಮಾಡಬಹುದು. ನಾಲ್ಕು ಗೂಟ ನೆಟ್ಟು ಕೋಳಿ ಜಾಲರಿ ಸುತ್ತಿದರೆ ಗೊಬ್ಬರದ ಗೂಡು ಆಯಿತು. ತಳದಲ್ಲಿ ಒಣ ಎಲೆ ದಪ್ಪಗೆ ಹಾಕಿ, ಅದರ ಮೇಲೆ ಹಸಿಕಸ ತೆಳುವಾಗಿ, ಮತ್ತೆ ಒಣ ಎಲೆ. ಹಸಿ ಒಂದು ಪಾಲಾದರೆ ಒಣ ಎಲೆ ಎರಡು ಪಾಲು ಇಟ್ಟುಕೊಳ್ಳಿ. ನಡುನಡುವೆ ಹಳೇ ಗೊಬ್ಬರ ಒಂದೆರಡು ಬೊಗಸೆ, ಹುಳಿ ಮಜ್ಜಿಗೆ ಚಿಮುಕಿಸಿ. ಕೈಯಲ್ಲಿ ಹಿಡಿದು ಹಿಂಡಿದರೆ ಒದ್ದೆ ತಾಗಬೇಕು, ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಗಾಳಿ ಆಡುವುದಿಲ್ಲ, ಆಗಲೇ ನಾತ ಬರುವುದು. ನಾತ ಬಂದರೆ ಒಣ ಎಲೆ ಸೇರಿಸಿ ತಿರುವಿ, ಎರಡು ದಿನದಲ್ಲಿ ಸರಿಹೋಗುತ್ತದೆ. ಬಿಳಿ ಹುಳ ಕಂಡರೆ ಹೆದರಬೇಡಿ, ಔಷಧಿ ಹೊಡೆಯಲೇಬೇಡಿ, ಅವೇ ಬೇಗ ತಿಂದು ಮುಗಿಸುತ್ತವೆ.

ಬೆಂಗಳೂರಿನಲ್ಲಿ ಎಲೆ ಉದುರುವುದು ಜಾಸ್ತಿ ಜನವರಿಯಿಂದ ಮಾರ್ಚ್‌ವರೆಗೆ. ನವೆಂಬರಿಗೆ ಒಣ ಎಲೆ ಸಾಕಷ್ಟು ಸಿಗದಿರಬಹುದು, ಹಾಗಾಗಿ ಈಗಿನಿಂದಲೇ ಗುಡಿಸಿದ ಎಲೆಯನ್ನು ಚೀಲದಲ್ಲಿ ಕೂಡಿಡಿ. ಸಾಲದಿದ್ದರೆ ತೆಂಗಿನ ನಾರಿನ ಪುಡಿ ತನ್ನಿ. ಮರದ ಹೊಟ್ಟು ತರುವುದಾದರೆ ಪ್ಲೈವುಡ್ ಕೊಯ್ಯುವ ಕಡೆಯಿಂದ ಬೇಡ, ಅದರಲ್ಲಿ ಅಂಟು ಇರುತ್ತದೆ. ಬಾಳೆ ಎಲೆಯ ನಡುದಿಂಡು ನಾರು ಜಾಸ್ತಿ, ಗೇಣುದ್ದಕ್ಕೆ ಕತ್ತರಿಸದೆ ಹಾಕಿದರೆ ತಿಂಗಳಾದರೂ ಹಾಗೇ ಕಾಣುತ್ತದೆ.

ಕೈಯಾರೆ ಕಲಿಯಬೇಕು ಅಂದರೆ ನಮ್ಮ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಸ್ವಚ್ಛಗ್ರಹ ಕಲಿಕಾ ಕೇಂದ್ರ ಇದೆ. ಬೇರೆ ಬೇರೆ ರೀತಿಯ ಗೊಬ್ಬರದ ಡಬ್ಬಿ, ಗೂಡು ಎಲ್ಲ ಒಂದೇ ಕಡೆ ಇಟ್ಟು ತೋರಿಸುತ್ತಾರೆ. ಸಂಘದ ಇಬ್ಬರು ಬಂದು ನೋಡಿಕೊಂಡು ಹೋದರೆ ಅಂದಾಜು ಸಿಗುತ್ತದೆ.


ದೊಡ್ಡಬಳ್ಳಾಪುರದ ಹೈನುಗಾರ:

ಉಳಿದದ್ದನ್ನು ಹಸುವಿಗೆ ಹಾಕೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ತರಕಾರಿ ಸಿಪ್ಪೆ, ಬಾಳೆ ಎಲೆ ಹಾಕಿ, ತಿನ್ನುತ್ತವೆ, ಒಳ್ಳೆಯದು. ಆದರೆ ಬಕೆಟ್‌ಗಟ್ಟಲೆ ಅನ್ನ, ಬಾತು, ಪಾಯಸ ತಂದು ಸುರಿಯಬೇಡಿ. ಹಸುವಿನ ಹೊಟ್ಟೆ ಹುಲ್ಲಿಗೆ ಆಗಿರುವುದು. ಒಂದೇ ಸಲ ಬೇಯಿಸಿದ ಅನ್ನ ಜಾಸ್ತಿ ತಿಂದರೆ ಒಳಗೆ ಹುಳಿಯಾಗುತ್ತದೆ, ಮೇವು ಬಿಡುತ್ತದೆ, ಮೆಲುಕು ಹಾಕುವುದು ನಿಲ್ಲಿಸುತ್ತದೆ, ಭೇದಿ ಆಗುತ್ತದೆ, ಜೋರಾದರೆ ಜೀವವೇ ಹೋಗುತ್ತದೆ. ಹಬ್ಬ, ಮದುವೆ ಸಮಯದಲ್ಲಿ ಪಶುವೈದ್ಯರ ಹತ್ತಿರ ಇಂಥ ಹಸುಗಳು ಬರುವುದು ಮಾಮೂಲು. ಪುಣ್ಯ ಬರುತ್ತದೆ ಅಂತ ಮಾಡುತ್ತಾರೆ ಪಾಪ, ಗೊತ್ತಿರುವುದಿಲ್ಲ. ಅದರ ಜೊತೆ ಪ್ಲಾಸ್ಟಿಕ್ ಚಮಚವೋ ಕವರೋ ಸೇರಿಕೊಂಡು ಹೋದರೆ ಹೊಟ್ಟೆಯಲ್ಲೇ ಉಳಿದುಬಿಡುತ್ತದೆ.

ಉಳಿಯದ ಹಾಗೆ ಅಡುಗೆ ಮಾಡುವುದೇ ಒಳ್ಳೆಯದು, ಅದನ್ನು ಬಲ್ಲವರು ಹೇಳಲಿ.


ಅಡುಗೆ ಗುತ್ತಿಗೆ, ಹಾಸನ:

ನಾನು ಹೇಳುತ್ತೇನೆ, ನಮ್ಮದು ಅದೇ ಕಸುಬು. ಅನ್ನವೇ ಮುಖ್ಯವಾದ ಊಟಕ್ಕೆ 100 ಜನಕ್ಕೆ 10 ಕೆಜಿ ಅಕ್ಕಿ ಅನ್ನುವುದು ಹಳೇ ಲೆಕ್ಕ. ಆದರೆ ಈಗ ಯಾರೂ ಬರೀ ಅನ್ನ ಮಾಡಿಸುವುದಿಲ್ಲ. ಚಪಾತಿ, ಪಲಾವು, ಬಿಸಿಬೇಳೆಬಾತ್, ಅನ್ನ ಸಾರು, ಮೊಸರನ್ನ ಎಲ್ಲ ಬೇಕು ಅಂತಾರೆ, ಪ್ರತಿಯೊಂದಕ್ಕೂ ಪೂರ್ತಿ ಲೆಕ್ಕ ಹಾಕಿಸುತ್ತಾರೆ. ಉಳಿಯುವುದು ಅಲ್ಲೇ. ಹೊಟ್ಟೆ ಒಂದೇ ಅಲ್ವಾ? ಬಾತು ಇದ್ದರೆ ಬಿಳಿ ಅನ್ನದ ಅಕ್ಕಿಯನ್ನು ಅರ್ಧಕ್ಕೆ ಇಳಿಸಬೇಕು. ಐಟಂ ಕಡಿಮೆ ಮಾಡಿ, ರುಚಿ ಹೆಚ್ಚು ಮಾಡಿ. ಒಂದು ಕೋಸಂಬರಿ, ಒಂದು ಪಲ್ಯ, ಒಂದು ಬಾತು, ಅನ್ನ ಸಾರು, ಮಜ್ಜಿಗೆ, ಒಂದು ಸಿಹಿ. ಇಷ್ಟೇ ಇದ್ದು ಬಿಸಿಬಿಸಿಯಾಗಿ ಬಡಿಸಿದರೆ ಯಾರೂ ಕಡಿಮೆ ಆಯಿತು ಅನ್ನುವುದಿಲ್ಲ.

ಎರಡನೆಯದು, ಬಫೆ ಬೇಡ. ಬಫೆಯಲ್ಲಿ ಮತ್ತೆ ಸಾಲಿನಲ್ಲಿ ನಿಲ್ಲಬೇಕಲ್ಲ ಅಂತ ಜನ ಒಂದೇ ಸಲಕ್ಕೆ ತುಂಬಿಸಿಕೊಳ್ಳುತ್ತಾರೆ. ಪಂಕ್ತಿಯಲ್ಲಿ ಸ್ವಲ್ಪ ಸ್ವಲ್ಪ ಬಡಿಸಿ, ಕೇಳಿದವರಿಗೆ ಮತ್ತೆ ಹಾಕಿ. ಬಡಿಸುವುದಕ್ಕೆ ನಿಮ್ಮ ಬಡಾವಣೆಯ ಹುಡುಗ ಹುಡುಗಿಯರನ್ನು ಹಚ್ಚಿ, ಅವರಿಗೂ ಖುಷಿ. ಮಕ್ಕಳಿಗೆ ದೊಡ್ಡವರ ಅಳತೆಯಲ್ಲಿ ಬಡಿಸಬೇಡಿ. ಸೌಟು ಸಣ್ಣದಿರಲಿ, ಇದು ನೋಡಲು ಸಣ್ಣ ವಿಷಯ, ಆದರೆ ದೊಡ್ಡ ಸೌಟು ಕೊಟ್ಟರೆ ಬಡಿಸುವವರ ಕೈ ತಾನಾಗಿ ದೊಡ್ಡದಾಗುತ್ತದೆ.

ಮೂರನೆಯದು, ಅಷ್ಟೂ ಅಕ್ಕಿ ಒಂದೇ ಸಲ ಬೇಯಿಸಿಡಬೇಡಿ. ಮುಕ್ಕಾಲು ಪಾಲು ಮಾಡಿ, ಉಳಿದ ಅಕ್ಕಿ ತೊಳೆಯದೆ ಪಕ್ಕಕ್ಕಿರಲಿ, ಎಸರು ಕಾಯುತ್ತಿರಲಿ. ಎರಡನೇ ಪಂಕ್ತಿ ಎದ್ದಾಗ ಜನ ನೋಡಿ ಹಾಕಿದರಾಯಿತು, ಅರ್ಧ ಗಂಟೆಯೂ ಬೇಡ. ಬೇಯದ ಅಕ್ಕಿ ಕೆಡುವುದಿಲ್ಲ, ಬೆಂದ ಅನ್ನ ಸಂಜೆಗೆ ಯಾರಿಗೂ ಬೇಡ.

ಅಷ್ಟಾದರೂ ಸ್ವಲ್ಪ ಉಳಿಯುತ್ತದೆ. ಬರುವಾಗ ಮನೆಯಿಂದ ಒಂದು ಡಬ್ಬಿ ತನ್ನಿ ಅಂತ ಕರೆಯೋಲೆಯಲ್ಲೇ ಬರೆದುಬಿಡಿ. ಹೊರಗೆ ಕೊಡುವುದಾದರೆ ಪಾತ್ರೆಯಲ್ಲಿ ಮುಟ್ಟದೆ ಉಳಿದದ್ದನ್ನು ಮಾತ್ರ ಕೊಡಿ, ಮಾಡಿದ ಎರಡು ಮೂರು ಗಂಟೆಯೊಳಗೆ ತಲುಪಬೇಕು. ರಾಬಿನ್ ಹುಡ್ ಆರ್ಮಿಯಂಥ ಸ್ವಯಂಸೇವಕರ ತಂಡಗಳಿವೆ, ಹಿಂದಿನ ದಿನವೇ ಹೇಳಿಟ್ಟರೆ ಅನುಕೂಲ. ಹಸಿ ಕಾಯಿ ರುಬ್ಬಿ ಹಾಕಿದ ಪದಾರ್ಥ ಬೇಗ ಹಳಸುತ್ತದೆ, ಅದನ್ನು ಕೊಡಲು ಹೋಗಬೇಡಿ.

ಸಿಪ್ಪೆ ಕೂಡ ಎಲ್ಲ ಗೊಬ್ಬರಕ್ಕೇ ಹೋಗಬೇಕಿಲ್ಲ. ಹೀರೆಕಾಯಿ ತಂದರೆ ಸಿಪ್ಪೆಯನ್ನು ಕಡಲೆಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು ಜೊತೆ ಹುರಿದು ಚಟ್ನಿ ಮಾಡಿ. ಅಷ್ಟು ಜನಕ್ಕೆ ಮಾಡುವಾಗ ಸಿಪ್ಪೆಯೇ ಒಂದು ಬುಟ್ಟಿ ಆಗುತ್ತದೆ, ಎಲೆ ತುದಿಗೆ ಒಂದು ಚಮಚ ಬಡಿಸಿದರೆ ಜನ ಏನಿದು ಅಂತ ಕೇಳಿ ಹಾಕಿಸಿಕೊಳ್ಳುತ್ತಾರೆ.


ತುಮಕೂರಿನ ರಾಗಿ ಬೆಳೆಗಾರ:

ಸುತ್ತಮುತ್ತ ಬೆಳೆದದ್ದು ಬೇಕು ಅಂದಿದ್ದಕ್ಕೆ ಖುಷಿಯಾಯಿತು ಅಕ್ಕ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆದಮೇಲೆ ಎಲ್ಲರೂ ನವಣೆ, ಸಾಮೆ ಅನ್ನುತ್ತಾರೆ, ಒಳ್ಳೆಯದೇ. ಆದರೆ ಹಳೇ ಮೈಸೂರು ಸೀಮೆಯಲ್ಲಿ ಕೂತುಕೊಂಡು ರಾಗಿಯನ್ನು ಮರೆಯಬೇಡಿ. ಭತ್ತಕ್ಕೆ ಗದ್ದೆ ತುಂಬಾ ನೀರು ನಿಲ್ಲಿಸಬೇಕು. ರಾಗಿ ನಮ್ಮ ಕಡೆ ಬೋರ್‌ವೆಲ್ ಇಲ್ಲದ ಹೊಲದಲ್ಲಿ ಮಳೆಯನ್ನೇ ನಂಬಿಕೊಂಡು ಬರುತ್ತದೆ. ಹುಳ ಹಿಡಿಯದೆ ವರ್ಷಗಟ್ಟಲೆ ಇಡಬಹುದು. ಹುಲ್ಲು ದನಕ್ಕಾಗುತ್ತದೆ. ನಿಮ್ಮ ಊಟದಿಂದ ಒಬ್ಬ ರೈತನಿಗಾದರೂ ನೇರವಾಗಿ ದುಡ್ಡು ಸೇರಿದರೆ ಅದು ನಿಜವಾದ ಬದಲಾವಣೆ.

300 ಜನಕ್ಕೆ ಮುದ್ದೆ ಕಷ್ಟ. ತೊಳಸುವವರು ಬೇಕು, ಬಿಸಿ ಆರಿದರೆ ಗಟ್ಟಿಯಾಗುತ್ತದೆ. ಅದರ ಬದಲು ಬೆಳಿಗ್ಗೆ ಮಕ್ಕಳ ಕಾರ್ಯಕ್ರಮದ ಸಮಯಕ್ಕೆ ಬಾಟಲಿ ಜ್ಯೂಸ್ ಬದಲು ರಾಗಿ ಅಂಬಲಿ ಕೊಡಿ. ಹಿಂದಿನ ರಾತ್ರಿ ಕಾಯಿಸಿ ಆರಿಸಿ, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ, ಕೊತ್ತಂಬರಿ ಹಾಕಿ ಸ್ಟೀಲ್ ಲೋಟದಲ್ಲಿ. ಸಿಹಿಗೆ ಜಾಮೂನ್ ಬದಲು ಹುರಿಹಿಟ್ಟಿನ ಉಂಡೆ, ಬೆಲ್ಲ ಕಾಯಿ ಏಲಕ್ಕಿ ಹಾಕಿದ್ದು. ಪಾಕ ಸುರಿಯುವುದಿಲ್ಲ, ಬಟ್ಟಲೂ ಬೇಕಿಲ್ಲ, ತಟ್ಟೆ ತೊಳೆಯುವವರಿಗೂ ಸುಲಭ.

ನವಣೆ ಬಿಸಿಬೇಳೆಬಾತ್ ಮಾಡಿಸುವುದಾದರೆ ಅಡುಗೆಯವರಿಗೆ ಮೊದಲೇ ಹೇಳಿ, ಅದು ನೀರು ಹೀರಿಕೊಂಡು ಬೇಗ ಗಟ್ಟಿಯಾಗುತ್ತದೆ, ಪಕ್ಕದಲ್ಲಿ ಬಿಸಿನೀರು ಇಟ್ಟುಕೊಂಡು ಬಡಿಸುವ ಮೊದಲು ಸಡಿಲ ಮಾಡಬೇಕು. ಇಡೀ ಊಟವನ್ನು ಒಂದೇ ವರ್ಷದಲ್ಲಿ ಬದಲಿಸಲು ಹೋಗಬೇಡಿ, ವಯಸ್ಸಾದವರು ಅನ್ನ ಸಾರು ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗಲಿಲ್ಲ ಅಂತಾರೆ, ಅದೂ ಸರಿಯೇ.

ಇನ್ನೊಂದು, ತಾರೀಖು. ನವೆಂಬರ್ ಪೂರ್ತಿ ರಾಜ್ಯೋತ್ಸವ ಮಾಡುತ್ತಾರಲ್ಲ, ನೀವು ಕೊನೆಯ ಭಾನುವಾರಕ್ಕೆ ಇಟ್ಟುಕೊಂಡರೆ ಅವರೆಕಾಯಿ ಬರಲು ಶುರುವಾಗಿರುತ್ತದೆ. ಸೊಗಡಿನ ಅವರೆ ಜೋರಾಗುವುದು ಡಿಸೆಂಬರ್, ಜನವರಿಯಲ್ಲಿ, ಆದರೂ ಒಂದು ಸಾರಿಗೆ ಆಗುವಷ್ಟು ಸಿಗಬಹುದು. ನವೆಂಬರ್ 1ಕ್ಕೇ ಮಾಡುವುದಾದರೆ ಸಿಹಿಗುಂಬಳ, ಬೂದುಗುಂಬಳ, ಸೋರೆಕಾಯಿ ಇಟ್ಟುಕೊಳ್ಳಿ. ತರಕಾರಿಗೆ ಹಾಪ್‌ಕಾಮ್ಸ್‌ನಲ್ಲಿ ವಿಚಾರಿಸಿ, ರೈತರದೇ ಸಹಕಾರ ಸಂಘ, 1959ರಿಂದ ಇದೆ. ರಾಗಿ, ದೇಸಿ ಅಕ್ಕಿ, ಸಿರಿಧಾನ್ಯಕ್ಕೆ ಸಹಜ ಸಮೃದ್ಧದವರು ಗೊತ್ತಲ್ಲ, ಸಾವಯವ ರೈತರ ಜೊತೆ ಕೆಲಸ ಮಾಡುವವರು. ನಿಮಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯೂ ಹತ್ತಿರ, ಸಾಮಾನ್ಯವಾಗಿ ನವೆಂಬರ್‌ನಲ್ಲೇ ಕೃಷಿ ಮೇಳ ಆಗುತ್ತದೆ. ನಾವು ಬೆಳೆಯುವ ಜಿಪಿಯು 28, ಎಂಎಲ್ 365 ರಾಗಿ ತಳಿಗಳು ಅಲ್ಲಿಂದಲೇ ಬಂದವು. ಮೇಳಕ್ಕೆ ಹೋಗಿ ನಾಲ್ಕು ರೈತರನ್ನು ಮಾತಾಡಿಸಿದರೆ ವರ್ಷಪೂರ್ತಿ ಬಡಾವಣೆಗೆ ರಾಗಿ ತರಿಸುವ ದಾರಿಯೂ ಆಗುತ್ತದೆ.


ಮಂಡೂರು ಕಡೆಯವನು:

ಊಟದ ವಿಷಯ ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ನಾನು ಕಪ್ಪು ಚೀಲದ ವಿಷಯ ಹೇಳುತ್ತೇನೆ, ಸಮಿತಿಯಲ್ಲಿ ಯಾರಾದರೂ "ಒಂದು ದಿನಕ್ಕೆ ಏನಾಗುತ್ತದೆ" ಅಂದರೆ ತೋರಿಸಿ.

ಬೆಂಗಳೂರಿನ ಕಸ ವರ್ಷಗಟ್ಟಲೆ ನಮ್ಮ ಕಡೆ ಬಂದು ಬೀಳುತ್ತಿತ್ತು. ಲಾರಿ ಮೇಲೆ ಲಾರಿ. ನೊಣ, ನಾತ, ಮಳೆ ಬಂದರೆ ಕಪ್ಪು ನೀರು. ಊಟಕ್ಕೆ ಕೂತರೆ ತಟ್ಟೆ ಮೇಲೆ ಬಟ್ಟೆ ಮುಚ್ಚಿಕೊಳ್ಳಬೇಕು. ನೆಂಟರು ಬರುವುದು ಬಿಟ್ಟರು. ಅತ್ತ ಮಾವಳ್ಳಿಪುರದ ಜನ ತಮ್ಮೂರಿಗೆ ಬರುತ್ತಿದ್ದ ಕಸವನ್ನು 2012ರಲ್ಲಿ ನಿಲ್ಲಿಸಿದರು, ಆಗ ನಮ್ಮ ಮೇಲೆ ಹೊರೆ ಜಾಸ್ತಿಯಾಯಿತು. 2014ರಲ್ಲಿ ಊರಿಗೆ ಊರೇ ರಸ್ತೆಗೆ ಇಳಿಯಿತು, ಪೊಲೀಸರು ಬಂದರು, ಕೊನೆಗೆ ಆ ವರ್ಷದ ಡಿಸೆಂಬರ್‌ಗೆ ಮಂಡೂರಿಗೆ ಕಸ ಬರುವುದು ನಿಂತಿತು. ಆದರೆ ಕಸವೇ ನಿಲ್ಲಲಿಲ್ಲ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳಿಗೆ ಹೋಯಿತು. ಅವು ನಿಮ್ಮ ಯಲಹಂಕಕ್ಕೆ ಎಷ್ಟು ದೂರ ಅಂತ ಒಮ್ಮೆ ನೋಡಿ.

ನಾತಕ್ಕೆ ಕಾರಣ ಬೆರೆಸುವುದು. ಅನ್ನವನ್ನು ಬೇರೆ ಕೊಟ್ಟರೆ ಗೊಬ್ಬರ, ಬಾಟಲಿ ಬೇರೆ ಕೊಟ್ಟರೆ ಗುಜರಿ. ಎರಡನ್ನೂ ಸೇರಿಸಿ ಗಂಟು ಕಟ್ಟಿದರೆ ಎರಡೂ ಹಾಳು. ಹಸಿಕಸಕ್ಕೆ ಒಂದು ಡಬ್ಬಿ, ಡೈಪರ್, ಪ್ಯಾಡ್‌ನಂಥ ಯಾವುದಕ್ಕೂ ಆಗದ ಕಸಕ್ಕೆ ಒಂದು, ಒಣಕಸಕ್ಕೆ ಒಂದು ಚೀಲ ಅಂತ 2015ರಲ್ಲೇ ಹೈಕೋರ್ಟ್ ಹೇಳಿತು. ಮನೆಯಲ್ಲಿ ಮಾಡುವವರೂ ಹಬ್ಬದ ದಿನ ಬಿಟ್ಟುಬಿಡುತ್ತಾರೆ. ಶಾಮಿಯಾನದ ಕೆಳಗೂ ಅದೇ ಮೂರನ್ನು ಇಡಿ, ಪಕ್ಕದಲ್ಲಿ ಒಬ್ಬರು ನಿಲ್ಲಬೇಕು. ಬೋರ್ಡ್ ಬರೆದು ಹಾಕಿದರೆ ಯಾರೂ ಓದುವುದಿಲ್ಲ, ಮನುಷ್ಯರು ನಿಂತು ಹೇಳಿದರೆ ಕೇಳುತ್ತಾರೆ.


ಯಲಹಂಕದ ಗೃಹಿಣಿ:

ಎಲ್ಲರಿಗೂ ತುಂಬಾ ಧನ್ಯವಾದ. ಮಂಡೂರಿನ ಅಣ್ಣನ ಮಾತನ್ನು ನಿನ್ನೆ ಸಂಘದ ಸಭೆಯಲ್ಲಿ ಹಾಗೇ ಓದಿದೆ. ಯಾರೂ ಒಂದು ದಿನದ ಮಾತು ಎತ್ತಲಿಲ್ಲ.

ಈಗ ಆಗಿರುವ ತೀರ್ಮಾನ: ಶಾಮಿಯಾನದವರ ಹತ್ತಿರ 200 ಸ್ಟೀಲ್ ತಟ್ಟೆ ಇದೆಯಂತೆ, ಎರಡು ಪಂಕ್ತಿ ಮಾಡಿ ನಡುವೆ ತೊಳೆದರೆ ಸಾಕು. ತೊಳೆಯಲು ಐದು ಜನ, ಕೂಲಿ ಮೊದಲೇ ಕೊಡುತ್ತೇವೆ. ಬಾಟಲಿ ಇಲ್ಲ, 20 ಲೀಟರ್ ಕ್ಯಾನ್ ಮತ್ತು ಲೋಟ. ಅಂಬಲಿ, ಹುರಿಹಿಟ್ಟಿನ ಉಂಡೆ, ಹೀರೆಕಾಯಿ ಸಿಪ್ಪೆ ಚಟ್ನಿ ಮೂರೂ ಪಾಸ್ ಆಯಿತು. ಊಟದ ದಿನ ಕೊನೆಯ ಭಾನುವಾರ. ತೋರಣ ಹೊಲಿಯಲು ಮೂರು ಮನೆಯವರು ಒಪ್ಪಿದ್ದಾರೆ.

ಒಂದೇ ಒಂದು ಗಂಟು ಉಳಿದಿದೆ. ಪಾರ್ಕಿನಲ್ಲಿ ಗೊಬ್ಬರದ ಗೂಡು ಅಂದಾಗ ಪಕ್ಕದ ಮನೆಯವರು ಇಲಿ ಬರುತ್ತದೆ ಅಂತ ಬೇಡ ಅಂದರು. ಅವರು ಹೇಳುವುದರಲ್ಲೂ ಅರ್ಥ ಇದೆ, ಮನೆಯಲ್ಲಿ ಸಣ್ಣ ಮಗು ಇದೆ. ಏನು ಮಾಡಲಿ?


ಟೆರೇಸ್ ತೋಟ, ಎಚ್‌ಎಸ್‌ಆರ್:

ಇಲಿ ಬರುವುದು ಬೇಯಿಸಿದ ಆಹಾರಕ್ಕೆ, ಸಿಪ್ಪೆ ಎಲೆಗೆ ಅಷ್ಟಾಗಿ ಅಲ್ಲ. ಹಾಗಾಗಿ ಎರಡು ಮಾಡಿ. ಗೂಡಿಗೆ ಹಸಿ ಸಿಪ್ಪೆ, ಬಾಳೆ ಎಲೆ, ಒಣ ಎಲೆ ಮಾತ್ರ. ತಟ್ಟೆಯಿಂದ ಬಂದ ಅನ್ನ, ಬಾತು ಬೇರೆ ಬಕೆಟ್‌ನಲ್ಲಿ ಮುಚ್ಚಿಟ್ಟು ಮಾರನೇ ದಿನ ಹಸಿಕಸದ ಆಟೋಗೆ ಕೊಡಿ, ಅಥವಾ ಮನೆಯಲ್ಲಿ ಮುಚ್ಚಳದ ಗೊಬ್ಬರದ ಡಬ್ಬಿ ಇರುವ ನಾಲ್ಕೈದು ಜನ ಹಂಚಿಕೊಳ್ಳಿ. ಗೂಡಿನ ತಳಕ್ಕೂ ಜಾಲರಿ ಹಾಸಿ, ಕಣ್ಣು ಸಣ್ಣದಿರಲಿ, ಬೆರಳು ತೂರಬಾರದು. ಆ ಮನೆಯ ಗೋಡೆಯಿಂದ ದೂರ, ಪಾರ್ಕಿನ ಇನ್ನೊಂದು ತುದಿಗೆ ಇಡಿ. ಮೊದಲ ಗೊಬ್ಬರ ಆದಾಗ ಮೊದಲ ಚೀಲ ಅವರ ಮನೆಗೇ ಕೊಡಿ, ಗಿಡ ಇಟ್ಟಿದ್ದಾರೆ ಅಂದರೆ ಖಂಡಿತ ಬೇಡ ಅನ್ನುವುದಿಲ್ಲ.


ಮಲ್ಲೇಶ್ವರದ ಸ್ವಯಂಸೇವಕ:

200 ತಟ್ಟೆ ಅಂದರೆ ನಡುವೆ ತೊಳೆಯುವ ಸಮಯ ಇಟ್ಟುಕೊಳ್ಳಿ. ಎರಡನೇ ಪಂಕ್ತಿಗೆ ಮೊದಲು ಮಕ್ಕಳದೊಂದು ಹಾಡೋ ನಾಟಕವೋ ಇಟ್ಟರೆ ಜನ ಕಾಯುತ್ತಾರೆ. ಒರೆಸಲು ಹಳೇ ಪಂಚೆ ಒಗೆದು ತಂದಿಡಿ. ಲೋಟ ಮಾತ್ರ ಕಡಿಮೆ ಬೀಳುತ್ತದೆ, ಒಬ್ಬರೇ ಎರಡು ಮೂರು ತೆಗೆದುಕೊಳ್ಳುತ್ತಾರೆ. ತಟ್ಟೆಗಿಂತ 100 ಜಾಸ್ತಿ ತರಿಸಿ.